ಔಟ್‌ಬೋರ್ಡ್ ಎಂಜಿನ್ ಎಳೀತಾ ಇಲ್ವಾ? ದೊಡ್ಡದು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ

ಗೋವಾದ ಮೀನುಗಾರಿಕೆ ಧಕ್ಕೆಗಳಲ್ಲಿ ಕಾರವಾರ, ಕುಮಟಾ, ಹೊನ್ನಾವರ ಕಡೆಯವರು ತುಂಬ ಜನ ದುಡಿಯುತ್ತಾರೆ. ಅವರಲ್ಲಿ ಕೆಲವರು ಸ್ವಂತಕ್ಕೊಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿದ್ದಾರೆ. ಹಿಂದೆ 8 ಅಥವಾ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ನೇತು ಹಾಕಿರುತ್ತಾರೆ. ಬೇತೂಲ್‌ಗೆ ಹೋಗಿ, ವಾಸ್ಕೊಗೆ ಹೋಗಿ, ಇವರ ಬಾಯಲ್ಲಿ ಒಂದೇ ದೂರು: "ಮೊದಲಿನ ಹಾಗೆ ಎಳೀತಾ ಇಲ್ಲ, ದೊಡ್ಡ ಎಂಜಿನ್ ತಗೋಬೇಕು."

ಅವಸರ ಮಾಡಬೇಡಿ ಅಂತಲೇ ಈ ಲೇಖನ ಬರೆಯುತ್ತಿದ್ದೇನೆ. 8ರಿಂದ 9.9 ಎಚ್‌ಪಿಗೆ ಹೋದರೆ ಶಕ್ತಿ ಕಾಲು ಭಾಗದಷ್ಟು ಜಾಸ್ತಿಯಾಗುತ್ತದೆ, ನಿಜ. ಆದರೆ ವೇಗ ಅಷ್ಟು ಏರುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ಹಾಗಾಗಿ ಕಾಲು ಭಾಗ ಜಾಸ್ತಿ ಶಕ್ತಿಗೆ ಸಿಗುವ ವೇಗ ಶೇ 7ರ ಆಸುಪಾಸು. ಇರುವ ಎಂಜಿನ್ನನ್ನೇ ಸರಿಯಾಗಿ ಕೂರಿಸಿ, ಸರಿಯಾದ ಪ್ರೊಪೆಲ್ಲರ್ (ನೀರಲ್ಲಿ ತಿರುಗಿ ದೋಣಿ ತಳ್ಳುವ ಪಂಕ) ಹಾಕಿದರೆ ಎಷ್ಟೋ ದೋಣಿಗಳಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಮಾಡುವ ಕ್ರಮ ಮಾತ್ರ ತಪ್ಪಬಾರದು. ಮೊದಲು ಅಳತೆ, ಆಮೇಲೆ ಎಂಜಿನ್ನಿನ ಆರೋಗ್ಯ, ಆಮೇಲೆ ದೋಣಿಯ ತಳ ಮತ್ತು ತೂಕ, ಆಮೇಲೆ ಎಂಜಿನ್ ಕೂರುವ ಎತ್ತರ, ಕೊನೆಗೆ ಪ್ರೊಪೆಲ್ಲರ್. ಎಲ್ಲರೂ ಪ್ರೊಪೆಲ್ಲರಿನಿಂದಲೇ ಶುರು ಮಾಡುತ್ತಾರೆ. ಎಂಜಿನ್ನಿಗೆ ಕಾಯಿಲೆ ಇದ್ದಾಗ ಸುಲಭವಾಗಿ ತಿರುಗುವ ಪ್ರೊಪೆಲ್ಲರ್ ಹಾಕಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಅಳತೆ

ಬೇಕಾಗಿರುವುದು ಎರಡು ಸಂಖ್ಯೆ: ಪೂರ್ತಿ ಥ್ರಾಟಲ್‌ನಲ್ಲಿ, ಅಂದರೆ ವೇಗದ ಹಿಡಿ ಕೊನೆವರೆಗೆ ತಿರುಗಿಸಿದಾಗ, ಎಂಜಿನ್ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಸುತ್ತುತ್ತದೆ, ದೋಣಿ ಎಷ್ಟು ವೇಗದಲ್ಲಿ ಹೋಗುತ್ತದೆ. ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ಆರ್‌ಪಿಎಂ ನೋಡಲು ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ದುಬಾರಿಯೇನಲ್ಲ. ಈ ಇಡೀ ಕೆಲಸದಲ್ಲಿ ಮೊದಲ ದುಡ್ಡು ಅದಕ್ಕೇ ಹಾಕಿ. ಮೀಟರ್ ತೋರಿಸುವುದು ಎರಡು ಪಟ್ಟು ಅಥವಾ ಅರ್ಧ ಅನ್ನಿಸಿದರೆ ಅದರ ಸೆಟ್ಟಿಂಗ್ ಬದಲಿಸಿ. ಟೂ ಸ್ಟ್ರೋಕ್ (ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ) ಎಂಜಿನ್ನಿಗೆ ಸುತ್ತಿಗೊಂದು ಕಿಡಿ ಅಂತ ಇಡಬೇಕು.

ಮಾಂಡವಿ, ಝುವಾರಿ, ಸಾಳ್ ನದಿಗಳಲ್ಲಿ ಉಬ್ಬರ ಇಳಿತದ ಸೆಳೆತ ಚೆನ್ನಾಗಿಯೇ ಇರುತ್ತದೆ. ಇಳಿತದ ಜೊತೆ ಅಳಿವೆ ಕಡೆ ಓಡಿಸಿ "ಹತ್ತಿಪ್ಪತ್ತು ಓಡ್ತದೆ" ಅಂದರೆ ಲೆಕ್ಕಕ್ಕಿಲ್ಲ. ಒಂದೇ ಜಾಗದಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಓಡಿಸಿ ಎರಡರ ಸರಾಸರಿ ತಗೊಳ್ಳಿ. ಬಾರ್ಜ್ ಓಡಾಡುವ ದಾರಿ ಬಿಡಿ, ಅದರ ಅಲೆಯಲ್ಲಿ ಅಳತೆ ಕೆಡುತ್ತದೆ, ಅಪಾಯ ಬೇರೆ. ದೋಣಿಯಲ್ಲಿ ಎಷ್ಟು ಜನ, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ (ಇಂಧನ), ಗಾಳಿ ಹೇಗಿತ್ತು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಅಳೆಯಿರಿ. ಮೂರು ಕೆಲಸ ಒಟ್ಟಿಗೇ ಮಾಡಿದರೆ ಯಾವುದರಿಂದ ಲಾಭವಾಯಿತು ಅಂತ ಗೊತ್ತಾಗುವುದಿಲ್ಲ.

ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ಸುತ್ತಬೇಕು ಅನ್ನುವುದು ಅದರ ಕೈಪಿಡಿಯಲ್ಲಿ ಇರುತ್ತದೆ. 8 ಎಚ್‌ಪಿ ಆಸುಪಾಸಿನ ಟೂ ಸ್ಟ್ರೋಕಿಗೆ ಸಾಮಾನ್ಯವಾಗಿ 4500ರಿಂದ 5500, ಫೋರ್ ಸ್ಟ್ರೋಕಿಗೆ 5000ದಿಂದ 6000. ಯಾವಾಗಲೂ ಹೊರುವ ಹೊರೆ ಹೊತ್ತಾಗ ಈ ವ್ಯಾಪ್ತಿಯ ಮೇಲಿನ ಅರ್ಧದಲ್ಲಿ ಇದ್ದರೆ ಒಳ್ಳೆಯದು.

ಇನ್ನೊಂದು ಲೆಕ್ಕವೂ ಈಗಲೇ ಮಾಡಿಕೊಳ್ಳಿ. ನಿಮ್ಮ ದೋಣಿ ನೀರಿನ ಮೇಲೆ ಎದ್ದು ಜಾರುವ ಚಪ್ಪಟೆ ತಳದ್ದಾ, ಅಥವಾ ನೀರಿನೊಳಗೇ ಕೂತು ಸೀಳಿಕೊಂಡು ಹೋಗುವ ಭಾರದ್ದಾ? ಎರಡನೆಯದಾದರೆ ಅದಕ್ಕೊಂದು ಮಿತಿ ಇದೆ. ನೀರಿಗೆ ತಾಗುವ ಉದ್ದ ಎಷ್ಟು ಅಡಿ ಅಂತ ನೋಡಿ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವುದು ನಾಟ್ ಲೆಕ್ಕದ ವೇಗ. 16 ಅಡಿಗೆ 5.4 ನಾಟ್, ಅಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್. 25 ಅಡಿಗೆ 6.7 ನಾಟ್, ಸುಮಾರು 12.4 ಕಿಲೋಮೀಟರ್. ಅದರ ಹತ್ತಿರ ಬಂದ ಮೇಲೆ ಎಷ್ಟು ಥ್ರಾಟಲ್ ತಿರುಗಿಸಿದರೂ ಹಿಂಬದಿ ಕೂತು ಮೂತಿ ಮೇಲೇಳುತ್ತದೆ, ಎಣ್ಣೆ ಸುಟ್ಟುಹೋಗುತ್ತದೆ, ವೇಗ ಮಾತ್ರ ಅಲ್ಲೇ. ಇಂಥ ದೋಣಿಯಲ್ಲಿ ಹುಡುಕಬೇಕಾಗಿರುವುದು ವೇಗವಲ್ಲ, ಅದೇ ವೇಗಕ್ಕೆ ಕಡಿಮೆ ಎಣ್ಣೆ ಮತ್ತು ಎದುರು ಸೆಳೆತದಲ್ಲಿ ನಿಲ್ಲದ ಎಳೆತ.

ಎಂಜಿನ್ ಪೂರ್ತಿ ತೆರೆಯುತ್ತಿದೆಯಾ?

ಆರ್‌ಪಿಎಂ ಕಡಿಮೆ ಬಂತಾ? ಮೊದಲು ನೋಡಬೇಕಾದ್ದು ಥ್ರಾಟಲ್ ಕೇಬಲ್. ಬೇತೂಲ್ ಧಕ್ಕೆಯಲ್ಲಿ ಎಂಜಿನ್ ರಿಪೇರಿ ಮಾಡುವ ಕುಮಟಾದ ಹುಡುಗನೊಬ್ಬ ಇದ್ದಾನೆ. ಯಾರು ಏನೇ ದೂರು ಹೇಳಿದರೂ "ಮೊದ್ಲು ಮುಚ್ಚಳ ತೆಗೀರಿ ಮಾರಾಯ್ರೆ" ಅನ್ನುತ್ತಾನೆ. ಅವನು ಮಾಡುವುದು ಇಷ್ಟೇ: ಎಂಜಿನ್ ಬಂದ್ ಇರುವಾಗ ಗೇರ್ ಹಾಕಿ, ಹ್ಯಾಂಡಲ್ಲಿನ ಹಿಡಿಯನ್ನು ಕೊನೆವರೆಗೆ ತಿರುಗಿಸಲು ಹೇಳುತ್ತಾನೆ. ಗೇರ್ ಹಾಕದಿದ್ದರೆ ಎಷ್ಟೋ ಎಂಜಿನ್ನುಗಳಲ್ಲಿ ಹಿಡಿ ಪೂರ್ತಿ ತಿರುಗುವುದೇ ಇಲ್ಲ. ಆಮೇಲೆ ಕಾರ್ಬುರೇಟರಿನ ಪಕ್ಕದ ಲಿವರನ್ನು ಬೆರಳಿನಿಂದ ತಳ್ಳಿ ನೋಡುತ್ತಾನೆ. ಲಿವರ್ ತನ್ನ ತಡೆಗೆ ತಾಗಿ ನಿಂತಿದ್ದರೆ ಸರಿ. ಬೆರಳಿನ ಒತ್ತಿಗೆ ಇನ್ನೂ ಎರಡು ಮೂರು ಎಂಎಂ ಸರಿದರೆ ಕೇಬಲ್ ಸಡಿಲವಾಗಿದೆ ಅಂತ ಅರ್ಥ. ಮಾಲೀಕ ಪೂರ್ತಿ ಕೊಟ್ಟಿದ್ದೇನೆ ಅಂದುಕೊಂಡಿರುತ್ತಾನೆ, ಎಂಜಿನ್ನಿಗೆ ಪೂರ್ತಿ ಸಿಕ್ಕಿರುವುದೇ ಇಲ್ಲ. ಹೊಂದಿಸುವ ನಟ್ಟನ್ನು ಸ್ವಲ್ಪ ತಿರುಗಿಸಿದರೆ ಆಯಿತು, ಖರ್ಚು ಶೂನ್ಯ. ಹೊಂದಿಸಿದ ಮೇಲೆ ಹಿಡಿ ಬಿಟ್ಟಾಗ ಎಂಜಿನ್ ಸರಿಯಾಗಿ ಐಡ್ಲಿಂಗಿಗೆ ಇಳಿಯುತ್ತದೆಯಾ ಅಂತಲೂ ನೋಡಿ.

ಆಮೇಲೆ ಪ್ಲಗ್. ಪೂರ್ತಿ ಥ್ರಾಟಲ್‌ನಲ್ಲಿ ಕೆಲವು ನಿಮಿಷ ಓಡಿಸಿ, ನಿಧಾನ ಮಾಡದೆ ಸೀದಾ ಬಂದ್ ಮಾಡಿ ಪ್ಲಗ್ ಬಿಚ್ಚಿ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣವಿದ್ದರೆ ಚೆನ್ನಾಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಜಾಸ್ತಿ, ಅಥವಾ ಪೆಟ್ರೋಲ್ ಜಾಸ್ತಿ, ಇಲ್ಲವೇ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲಿಗೇ ನಿಲ್ಲಿಸಿ. ಪೆಟ್ರೋಲ್ ಸಾಲುತ್ತಿಲ್ಲ, ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಕಾರ್ಬುರೇಟರ್ ಬಿಚ್ಚಿ ತೊಳೆಸದೆ ಮತ್ತೆ ಓಡಿಸಬೇಡಿ. ಹೊಸ ಪ್ಲಗ್ ತರುವಾಗ ಕೈಪಿಡಿಯಲ್ಲಿರುವ ನಂಬರನ್ನೇ ತನ್ನಿ. ಎನ್‌ಜಿಕೆ ಪ್ಲಗ್ಗಿನ ನಂಬರಿನ ಕೊನೆಗೆ 10 ಇದ್ದರೆ ಗ್ಯಾಪ್ (ಕಿಡಿ ಹಾರುವ ಸಂದು) 1.0 ಎಂಎಂ ಅಂತ. ಬೈಕಿನ ಪ್ಲಗ್ "ಕೂತ್ಕೊಳ್ತದೆ" ಅಂತ ಹಾಕಬೇಡಿ.

ಹಾಗೇ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕೂಡ ನೋಡಿಸಿ. ಎರಡು ಸಿಲಿಂಡರಿನ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಮುಂದಿನ ಯಾವ ಕೆಲಸಕ್ಕೂ ದುಡ್ಡು ಹಾಕಬೇಡಿ, ಮೊದಲು ಎಂಜಿನ್ ಬಿಚ್ಚಿಸಿ.

ಎಣ್ಣೆಯ ವಿಷಯ

ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್, ಶೇ 20ರವರೆಗೂ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗೋವಾದ ಗಾಳಿಯಲ್ಲಿ ತೇವಕ್ಕೆ ಬರವೇ? ಅರ್ಧ ಖಾಲಿ ಟ್ಯಾಂಕ್ ವಾರಗಟ್ಟಲೆ ಬಿಸಿಲಲ್ಲಿ ಬಿದ್ದರೆ ನೀರು ಮತ್ತು ಎಥೆನಾಲ್ ಸೇರಿ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್ ಇಟ್ಟವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಪೈಪ್ ಎಳೆಯುವುದು ತಳದ ನೀರನ್ನು. ಅಂದರೆ ಆಯಿಲ್ ಇಲ್ಲದ ಎಣ್ಣೆ ಎಂಜಿನ್ನಿಗೆ ಹೋಗುತ್ತದೆ.

ಇದಕ್ಕೆ ಒಳ್ಳೆಯ, ಸುಲಭದ ಅಪ್‌ಗ್ರೇಡ್ ಅಂದರೆ ಟ್ಯಾಂಕ್ ಮತ್ತು ಎಂಜಿನ್ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್. ಕೆಳಗೆ ಪಾರದರ್ಶಕ ಬಟ್ಟಲು ಇರುವುದನ್ನೇ ಆರಿಸಿ, ನೀರು ಕೂತದ್ದು ಕಣ್ಣಿಗೆ ಕಾಣುತ್ತದೆ. ಜೊತೆಗೆ ಹಳೆಯ ಪೈಪು ಮತ್ತು ಕೈಪಂಪಿನ ರಬ್ಬರ್ ಬಲ್ಬ್ ಬದಲಿಸಿ. ಎಥೆನಾಲಿಗೆ ಹಳೆಯ ರಬ್ಬರ್ ಒಳಗಿಂದೊಳಗೇ ಬಿರಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಉಸಿರು ಕಟ್ಟಿದಂತೆ ಆಗುತ್ತದೆಯಾ? ಆಗ ಬಲ್ಬ್ ಒತ್ತಿ ನೋಡಿ. ಒತ್ತಿದಾಗ ಎಂಜಿನ್ ಚೇತರಿಸಿಕೊಂಡರೆ ತೊಂದರೆ ಇಂಧನದ ದಾರಿಯಲ್ಲೇ ಇದೆ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಬಿಚ್ಚಲು ಮರೆತಿದ್ದರೂ ಹೀಗೇ ಆಗುತ್ತದೆ.

ಆಯಿಲ್ ಮಾತ್ರ ಟಿಸಿ-ಡಬ್ಲ್ಯೂ3 ಗುರುತಿನದ್ದೇ ಬಳಸಿ. ಸ್ಕೂಟರಿನ 2ಟಿ ಆಯಿಲ್ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ನೀರಿನಿಂದ ತಣಿಯುವ ಔಟ್‌ಬೋರ್ಡಿಗೆ ಅದು ಹೊಂದುವುದಿಲ್ಲ. ಪೆಟ್ರೋಲ್-ಆಯಿಲ್ ಅನುಪಾತ 50:1 ಅಂದರೆ ಲೀಟರಿಗೆ 20 ಎಂಎಲ್, 100:1 ಅಂದರೆ 10 ಎಂಎಲ್. ಕಣ್ಣಂದಾಜು ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ. ಸೀಮೆಎಣ್ಣೆ ಎಂಜಿನ್ ಇದ್ದರೆ ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ. ಬಂದ್ ಮಾಡುವ ಮೊದಲು ಮತ್ತೆ ಪೆಟ್ರೋಲಿಗೆ ಬನ್ನಿ, ಇಲ್ಲದಿದ್ದರೆ ಮರುದಿನ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ.

ತಳ ಮತ್ತು ತೂಕ

ನೀರಲ್ಲೇ ಕಟ್ಟಿ ಹಾಕಿದ ದೋಣಿಯ ತಳಕ್ಕೆ ಪಾಚಿ, ಚಿಪ್ಪು ಬೇಗ ಹತ್ತುತ್ತವೆ. ಕೈಯಿಂದ ಸವರಿದಾಗ ಒರಟಾಗಿ ತಾಗಿದರೆ ಸಾಕು, ವೇಗ ಅಲ್ಲೇ ಸೋರುತ್ತಿದೆ. ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಕೆರೆದು ತೊಳೆಯಿರಿ. ಪಾಚಿ ತಡೆಯುವ ಬಣ್ಣ ಹಚ್ಚುವುದಾದರೆ ತಾಮ್ರ ಇರುವ ಬಣ್ಣ ಎಂಜಿನ್ನಿನ ಅಲ್ಯೂಮಿನಿಯಂ ಕಾಲಿಗೆ (ನೀರಿಗೆ ಇಳಿಯುವ ಭಾಗಕ್ಕೆ) ತಾಗದಂತೆ ನೋಡಿಕೊಳ್ಳಿ. ಉಪ್ಪುನೀರಿನಲ್ಲಿ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ದೋಣಿಯೊಳಗೆ ನಿಂತ ನೀರು ಲೀಟರಿಗೆ ಒಂದು ಕೆಜಿ. ಹೊರಡುವ ಮೊದಲು ಮೊಗೆದು ಹಾಕಿ. ಲಂಗರು, ಹೆಚ್ಚುವರಿ ಹಗ್ಗ, ಹಳೆಯ ಬಲೆ ಎಲ್ಲ ಹಿಂಬದಿಯಲ್ಲೇ ರಾಶಿ ಬಿದ್ದಿರುತ್ತವೆ, ಅಲ್ಲೇ ಓಡಿಸುವವನೂ ಕೂರುತ್ತಾನೆ. ಹಿಂಬದಿ ಕೂತು ಮೂತಿ ಆಕಾಶ ನೋಡುತ್ತದೆ. ಟ್ಯಾಂಕನ್ನು ನಡುವಿನ ಹಲಗೆಯ ಕೆಳಗೆ ಸರಿಸಿ. ಹ್ಯಾಂಡಲ್ಲಿಗೆ ಒಂದು ಉದ್ದ ಕೋಲು ಜೋಡಿಸಿಕೊಂಡರೆ ನೀವೂ ಮುಂದೆ ಕೂರಬಹುದು. ಒಬ್ಬರೇ ಹೋಗುವ ಹಗುರ ದೋಣಿಗೆ ಇದರಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಎಂಜಿನ್ ಕೂರುವ ಎತ್ತರ

ಪ್ರೊಪೆಲ್ಲರಿನ ಮೇಲೆ ಅಗಲವಾದ ಒಂದು ತಟ್ಟೆಯಂಥ ಭಾಗ ಇದೆಯಲ್ಲ, ಅದು ಮೇಲಿನ ಗಾಳಿಯನ್ನು ಪ್ರೊಪೆಲ್ಲರಿಗೆ ಬಿಡದಂತೆ ತಡೆಯುತ್ತದೆ. ದೋಣಿಯನ್ನು ದಡಕ್ಕೆ ಎಳೆದು, ತಳಕ್ಕೆ ನೇರವಾದ ರೀಪು ಹಿಡಿದು ನೋಡಿ. ಆ ತಟ್ಟೆ ತಳದ ಮಟ್ಟದಲ್ಲಿ ಅಥವಾ ಒಂದಿಂಚು ಕೆಳಗೆ ಇರಬೇಕು. ಮೂರು ನಾಲ್ಕು ಇಂಚು ಕೆಳಗಿದ್ದರೆ ಎಂಜಿನ್ನಿನ ಕಾಲು ಸುಮ್ನೆ ನೀರನ್ನು ತಳ್ಳುತ್ತಿದೆ ಅಂತ. ಎಂಜಿನ್ ಕೂರುವ ಹಲಗೆಯ ಮೇಲೆ ಗಟ್ಟಿ ಮರದ ಪಟ್ಟಿ ಕೊಟ್ಟು ಎತ್ತರಿಸಿ. ತಟ್ಟೆ ತಳಕ್ಕಿಂತ ತುಂಬ ಮೇಲಿದ್ದರೆ ತಿರುವಿನಲ್ಲಿ, ಅಲೆಯಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಕೊಳ್ಳುವಾಗಲೇ ಇದು ನೋಡಬೇಕು. ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್ 15 ಇಂಚು ಎತ್ತರದ ಹಲಗೆಗೆ, ಲಾಂಗ್ ಶಾಫ್ಟ್ (ಉದ್ದ ಕಾಲಿನದು) 20 ಇಂಚು ಎತ್ತರದ ಹಲಗೆಗೆ. ಹಳೆಯ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು 15 ಇಂಚಿಗೆ ಲಾಂಗ್ ಶಾಫ್ಟ್ ಹಾಕಿದ ದೋಣಿಗಳು ಬೇಕಾದಷ್ಟಿವೆ. ಎತ್ತರ ಬದಲಿಸಿದ ಮೇಲೆ, ಎಂಜಿನ್ನನ್ನು ಹಲಗೆಗೆ ಕಚ್ಚಿಸುವ ಹಿಡಿಕೆಯ ತಿರುಪು ಬಿಗಿ ಮಾಡಿ, ಎಂಜಿನ್ನಿಗೆ ಒಂದು ಕಾವಲು ಹಗ್ಗವನ್ನೂ ಕಟ್ಟಿ.

ಆಮೇಲೆ ಎಂಜಿನ್ ನಿಲ್ಲುವ ಓರೆ. ಹಿಡಿಕೆಯಲ್ಲಿ ಸಾಲಾಗಿ ತೂತುಗಳಿವೆ, ಅಡ್ಡಕ್ಕೆ ಒಂದು ಪಿನ್ನಿದೆ. ಮಾಮೂಲಿ ವೇಗದಲ್ಲಿ ಹೋಗುವಾಗ ಆ ತಟ್ಟೆ ನೀರಿಗೆ ಸಮಾನಾಂತರವಾಗಿರಬೇಕು. ಮೂತಿ ಎದ್ದೆದ್ದು ಬೀಳುತ್ತಿದ್ದರೆ ಪಿನ್ನನ್ನು ದೋಣಿಯ ಕಡೆಗೆ ಒಂದು ತೂತು ಸರಿಸಿ. ಮೂತಿ ನೀರಿಗೆ ಮುಳುಗಿ ಸ್ಟೇರಿಂಗ್ ಭಾರವಾದರೆ ಹೊರಗಡೆಗೆ ಸರಿಸಿ. ತಟ್ಟೆಗೆ ಬೋಲ್ಟ್ ಮಾಡುವ ರೆಕ್ಕೆಯಾಕಾರದ ಹೈಡ್ರೊಫಾಯಿಲ್ ಕೂಡ ಮಾರುತ್ತಾರೆ. ಜಾರುವ ತಳದ ಹಗುರ ದೋಣಿಯಲ್ಲಿ ಹಿಂಬದಿ ಎತ್ತಲು ಅದು ಸಹಾಯ ಮಾಡುತ್ತದೆ. ಆದರೆ ಅದಕ್ಕೆ ತಟ್ಟೆಯಲ್ಲಿ ತೂತು ಕೊರೆಯಬೇಕು. ತೂಕ ಮತ್ತು ಪಿನ್ ಸರಿ ಮಾಡಿದ ಮೇಲೂ ಮೂತಿ ಏಳುತ್ತಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ಕೊನೆಗೆ ಪ್ರೊಪೆಲ್ಲರ್

ಪ್ರೊಪೆಲ್ಲರಿನ ಮೇಲೆ ಎರಡು ಸಂಖ್ಯೆ ಕೊರೆದಿರುತ್ತಾರೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಪಿಚ್ ಅಂದರೆ ಗಟ್ಟಿ ವಸ್ತುವಿನಲ್ಲಿ ತಿರುಪಿನಂತೆ ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗುತ್ತಿತ್ತು ಅನ್ನುವುದು. ಹೊರೆ ಹೊತ್ತ ದೋಣಿಗೆ ಜಾಸ್ತಿ ಪಿಚ್ ಹಾಕುವುದು ಅನ್ಮೋಡ್ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಿದ ಹಾಗೆ. ಎಂಜಿನ್ ಗೊರಗೊರ ಅನ್ನುತ್ತದೆ, ಬಿಸಿಯಾಗುತ್ತದೆ, ಇಂಗಾಲ ಕಟ್ಟುತ್ತದೆ.

ಪಿಚ್ ಒಂದು ಇಂಚು ಕಡಿಮೆ ಮಾಡಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ, ಜಾಸ್ತಿ ಮಾಡಿದರೆ ಅಷ್ಟೇ ಇಳಿಯುತ್ತದೆ. ಉದಾಹರಣೆಗೆ, ಪೂರ್ತಿ ಹೊರೆಯಲ್ಲಿ 4600 ಬರುತ್ತಿದೆ, ನಿಮಗೆ 5000 ಬೇಕು ಅಂತಿಟ್ಟುಕೊಳ್ಳಿ. ಎರಡು ಇಂಚು ಕಡಿಮೆ ಪಿಚ್ ತನ್ನಿ. ಖಾಲಿ ದೋಣಿಯಲ್ಲಿ ಆರ್‌ಪಿಎಂ ಮೇಲಿನ ಮಿತಿ ದಾಟದಂತೆ ನೋಡಿಕೊಳ್ಳಿ. ಹೋಗುವಾಗ ಹಗುರ, ಬರುವಾಗ ಭಾರ ಆಗಿರುವವರು ಎರಡು ಪ್ರೊಪೆಲ್ಲರ್ ಇಟ್ಟುಕೊಳ್ಳುವುದುಂಟು. ನನ್ನ ಸಲಹೆ ಕೇಳಿದರೆ ಸಣ್ಣ ದೋಣಿಗೆ ಭಾರದ ಲೆಕ್ಕದ್ದೇ ಒಂದು ಹಾಕಿ, ಖಾಲಿ ಇದ್ದಾಗ ಥ್ರಾಟಲ್ ಸ್ವಲ್ಪ ಕಡಿಮೆ ಹಿಡಿಯಿರಿ. ಇನ್ನೊಂದನ್ನು ಆಪತ್ತಿಗೆ ಅಂತ ದೋಣಿಯಲ್ಲಿಡಿ.

ಪ್ರೊಪೆಲ್ಲರ್ ಎಷ್ಟು ಜಾರುತ್ತಿದೆ, ಅಂದರೆ ಲೆಕ್ಕದ ವೇಗಕ್ಕಿಂತ ನಿಜವಾದ ವೇಗ ಎಷ್ಟು ಕಡಿಮೆ ಅಂತ ನೋಡಲು ಒಂದು ಲೆಕ್ಕವಿದೆ. ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲ್ಲರಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತುತ್ತದೆ ಅನ್ನುವುದು) ಭಾಗಿಸಿ, ಪಿಚ್ ಇಂಚಿನಿಂದ ಗುಣಿಸಿ, ಬಂದದ್ದನ್ನು 0.001524ರಿಂದ ಗುಣಿಸಿ. 5000 ಆರ್‌ಪಿಎಂ, 2.08 ಗೇರ್, 8 ಇಂಚು ಪಿಚ್ ಆದರೆ ಗಂಟೆಗೆ 29.3 ಕಿಲೋಮೀಟರ್ ಬರುತ್ತದೆ. ಜಿಪಿಎಸ್ ಸರಾಸರಿ 22 ತೋರಿಸಿದರೆ ಜಾರಿಕೆ ಶೇ 25. ಹಗುರವಾಗಿ ಜಾರುವ ದೋಣಿಗೆ ಇದು ಪರವಾಗಿಲ್ಲ. ಭಾರದ ದೋಣಿಗೆ ಜಾರಿಕೆ ಇನ್ನೂ ಎಷ್ಟೋ ಜಾಸ್ತಿ ಇರುತ್ತದೆ, ಗಾಬರಿ ಬೇಡ. ಆದರೆ ಮೊದಲು 25 ಇದ್ದದ್ದು ಈಗ 40 ಆಗಿದ್ದರೆ ಏನೋ ಕೆಟ್ಟಿದೆ.

ಕೆಟ್ಟಿರುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಮೊದಲನೆಯದು ರೆಕ್ಕೆಯ ಅಂಚು. ಮರಳು ದಿಬ್ಬಕ್ಕೆ, ಕಲ್ಲಿಗೆ ತಾಗಿ ಅಂಚು ಮಡಚಿರುತ್ತದೆ. ಸಣ್ಣ ಗಾಯವಾದರೆ ಅರದಿಂದ ಉಜ್ಜಿ ನಯ ಮಾಡಬಹುದು. ಮೂರೂ ರೆಕ್ಕೆ ಒಂದೇ ಆಕಾರ ಇಲ್ಲದಿದ್ದರೆ ನಡುಕ ಬರುತ್ತದೆ, ಆ ನಡುಕ ಗೇರಿನ ಬೇರಿಂಗ್ ತಿನ್ನುತ್ತದೆ. ಎರಡನೆಯದು ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಒಳಗಿನ ರಬ್ಬರ್ ಬುಷ್. ಅದು ಸಡಿಲವಾದರೆ ನಿಧಾನಕ್ಕೆ ಹೋಗುವಾಗ ಎಲ್ಲ ಸರಿ, ಥ್ರಾಟಲ್ ಕೊಟ್ಟ ಕೂಡಲೇ ಎಂಜಿನ್ ಮಾತ್ರ ಜೋರಾಗುತ್ತದೆ. ಗಾಳಿ ಎಳೆದುಕೊಂಡಾಗಲೂ ಹೀಗೇ ಆಗುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪತ್ತೆ ಮಾಡುವುದು ಸುಲಭ. ಹಿಂದಿನಿಂದ ನೋಡಿದಾಗ ಕಾಣುವ ಒಳಬುಷ್‌ನಿಂದ ಹೊರಗಿನ ಲೋಹದವರೆಗೆ ಬಣ್ಣದಲ್ಲಿ ಒಂದೇ ನೇರ ಗೆರೆ ಎಳೆಯಿರಿ. ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಎರಡು ಕಡೆ ಸರಿದಿದ್ದರೆ ಬುಷ್ ಹೋಗಿದೆ.

ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿನ ಬುಡ ನೋಡದೆ ಮತ್ತೆ ಹಾಕಬೇಡಿ. ಗಾಳದ ದಾರ, ಹರಿದ ಬಲೆಯ ನೂಲು ಅಲ್ಲಿ ಸುತ್ತಿಕೊಂಡು ಬಿಸಿಗೆ ಕರಗಿ ಬಳೆಯಂತೆ ಗಟ್ಟಿಯಾಗಿರುತ್ತದೆ. ಅದು ಆಯಿಲ್ ಸೀಲನ್ನು ಕೊಯ್ಯುತ್ತದೆ, ಗೇರಿನೊಳಗೆ ನೀರು ಹೋಗುತ್ತದೆ. ಚೂರಿ ತುದಿಯಿಂದ ಬಿಡಿಸಿ ತೆಗೆಯಿರಿ, ಸೀಲಿಗೆ ತಾಗಿಸಬೇಡಿ. ಶಾಫ್ಟಿನ ಹಲ್ಲುಗಳಿಗೆ ಮರೀನ್ ಗ್ರೀಸ್ ಹಚ್ಚಿ, ನಟ್ಟು ಬಿಗಿ ಮಾಡಿ ಹೊಸ ಪಿನ್ ಹಾಕಿ.

ಗೇರ್ ಆಯಿಲ್ ಬದಲಿಸುವಾಗ ಹಾಲಿನಂತೆ ಬೆಳ್ಳಗೆ ಬಂದರೆ ಸೀಲ್ ಹೋಗಿದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ ತುಂಬಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಕೂಡ ಇದೇ ಹೊತ್ತಿಗೆ ನೋಡಿ. ಮಳೆಗಾಲದ ಕೆಂಪು ಮಣ್ಣಿನ ನೀರಿನಲ್ಲಿ ಓಡಿಸಿದರೆ ಅದು ಬೇಗ ಸವೆಯುತ್ತದೆ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ತೊಳೆಯುವುದು ರೂಢಿಯಾಗಲಿ.

ಇದನ್ನು ಮಾಡಬೇಡಿ

ಕೆಲವು ಕಂಪನಿಗಳ 9.9 ಮತ್ತು 15 ಎಚ್‌ಪಿ ಎಂಜಿನ್ನುಗಳಿಗೆ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಒಂದೇ. ಕಾರ್ಬುರೇಟರ್ ಬದಲಿಸಿ "15 ಮಾಡಿ ಕೊಡ್ತೇನೆ" ಅನ್ನುವವರು ಸಿಗುತ್ತಾರೆ. ಬೇಡ. ದೋಣಿಯ ಹಲಗೆ ಆ ಶಕ್ತಿಗೆ ಮಾಡಿದ್ದಲ್ಲ. ಮೇಲಾಗಿ ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿವರೆಗಿನ ಮೋಟರಿನ, ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಮಾತ್ರ ಹಾಕುವ ನೋಂದಾಯಿತ ಸಣ್ಣ ದೋಣಿಗಳಿಗೆ ವಿನಾಯಿತಿ ಕೊಡುತ್ತಾ ಬಂದಿದ್ದಾರೆ. ಎಂಜಿನ್ ದೊಡ್ಡದು ಮಾಡಿದರೆ ಆ ವಿನಾಯಿತಿಯೂ ಹೋಗುತ್ತದೆ. ಆಯಾ ವರ್ಷದ ಆದೇಶ ನೋಡಿಕೊಂಡೇ ಹೊರಡಿ.

ಈ ಕೆಲಸಗಳಿಗೆ ಒಳ್ಳೆಯ ಸಮಯ ಅದೇ ಮಳೆಗಾಲ. ದೋಣಿ ಮೇಲೆ ಇರುತ್ತದೆ, ಕೈಯಲ್ಲಿ ಹೊತ್ತು ಇರುತ್ತದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವಷ್ಟರಲ್ಲಿ ಎಲ್ಲ ಮುಗಿಸಬಹುದು. ನೀರಿಗಿಳಿದ ಮೊದಲ ದಿನ ಅದೇ ಜಾಗದಲ್ಲಿ, ಅದೇ ಹೊರೆಯಲ್ಲಿ, ಎರಡೂ ದಿಕ್ಕಿಗೆ ಓಡಿಸಿ ಹೊಸ ಸಂಖ್ಯೆ ಬರೆಯಿರಿ. ಹಗುರಾದ ದೋಣಿ ತಿರುವಿನಲ್ಲಿ ಮೊದಲಿಗಿಂತ ಬೇಗ ತಿರುಗುತ್ತದೆ, ಹಿಡಿ ಕೈ ತಪ್ಪುವುದೂ ಬೇಗ. ಹಾಗಾಗಿ ಎಂಜಿನ್ ಬಂದ್ ಮಾಡುವ ಕೆಂಪು ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಲೈಫ್ ಜಾಕೆಟ್ ಹಾಕಿಕೊಂಡೇ ಪೂರ್ತಿ ಥ್ರಾಟಲ್ ಕೊಡಿ.